ಸೇಲ್ಸ್‌ಫೋರ್ಸ್ ಮತ್ತು ಐಡೆಂಟಿಟಿ ಗವರ್ನೆನ್ಸ್: ಕನೆಕ್ಷನ್ ಆಯ್ತು, ಪ್ರೊಫೈಲ್ ಮಾತ್ರ ರಿವೋಕ್ ಆಗ್ತಿಲ್ಲ

ಪ್ರಶ್ನೆ (ಐಟಿ ಸೆಕ್ಯುರಿಟಿ, ಬೆಳ್ಳಂದೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಸೇಲ್ಸ್ ಟೀಮ್ ಪೂರ್ತಿ ಸೇಲ್ಸ್‌ಫೋರ್ಸ್ (ಗ್ರಾಹಕರ, ಮಾರಾಟದ ದಾಖಲೆ ಇಡುವ ಸಾಫ್ಟ್‌ವೇರ್) ಎಂಟರ್‌ಪ್ರೈಸ್ ಎಡಿಷನ್ ಮೇಲಿದೆ. ಅದನ್ನು ಐಡೆಂಟಿಟಿ ಗವರ್ನೆನ್ಸ್ ಟೂಲ್‌ಗೆ (ಯಾರಿಗೆ ಯಾವ ಆಕ್ಸೆಸ್ ಇದೆ ಅಂತ ನಿರ್ವಹಿಸುವ ಸಾಫ್ಟ್‌ವೇರ್) ಜೋಡಿಸುತ್ತಿದ್ದೇವೆ. ಎಚ್‌ಆರ್‌ನಲ್ಲಿ ಹೊಸಬರು ಸೇರಿದರೆ ಅಕೌಂಟ್ ತಾನಾಗಿ ಆಗಬೇಕು, ಕೆಲಸ ಬಿಟ್ಟರೆ ಮುಚ್ಚಬೇಕು, ಮೂರು ತಿಂಗಳಿಗೊಮ್ಮೆ ಮ್ಯಾನೇಜರ್‌ಗಳು ಆಕ್ಸೆಸ್ ರಿವ್ಯೂ ಮಾಡಬೇಕು. ಸ್ಯಾಂಡ್‌ಬಾಕ್ಸ್‌ನಲ್ಲಿ (ಪ್ರಯೋಗಕ್ಕೆ ಇಟ್ಟಿರುವ ಪ್ರತಿ) ಟೆಸ್ಟ್ ಕನೆಕ್ಷನ್ ಸರಿಯಾಗಿ ಬರುತ್ತಿದೆ. ತೊಂದರೆ ಮೂರು:

1) ಕೆಲವರ ಅಕೌಂಟ್ ಮಾತ್ರ ಕ್ರಿಯೇಟ್ ಆಗುವುದಿಲ್ಲ.
2) ರಿವ್ಯೂನಲ್ಲಿ ಮ್ಯಾನೇಜರ್ ಯಾರದಾದರೂ ಪ್ರೊಫೈಲ್ (ಯೂಸರ್‌ನ ಮೂಲ ಹಕ್ಕುಗಳ ಕಟ್ಟು) ಬೇಡ ಅಂತ ರಿವೋಕ್ (ಹಕ್ಕು ವಾಪಸ್) ಕೊಟ್ಟರೆ ಫೇಲ್.
3) ಪ್ರತಿಯೊಬ್ಬರ ಹೆಸರಿನಲ್ಲೂ 'ಎಕ್ಸ್‌00ಇ' ಅಂತ ಶುರುವಾಗುವ, ಯಾರಿಗೂ ಗೊತ್ತಿಲ್ಲದ ಪರ್ಮಿಷನ್ ಸೆಟ್ (ಪ್ರೊಫೈಲ್ ಜೊತೆಗೆ ಕೊಡುವ ಹೆಚ್ಚುವರಿ ಹಕ್ಕುಗಳ ಕಟ್ಟು) ಒಂದು ಕಾಣುತ್ತದೆ.

ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ (ಐಡೆಂಟಿಟಿ ಇಂಜಿನಿಯರ್, ಜೆ.ಪಿ. ನಗರ)

ಸರ್, ಎರಡನೆಯದಕ್ಕೂ ಮೂರನೆಯದಕ್ಕೂ ಮೂಲ ಒಂದೇ, ಅಲ್ಲಿಂದಲೇ ಶುರು ಮಾಡೋಣ.

ಸೇಲ್ಸ್‌ಫೋರ್ಸ್‌ನಲ್ಲಿ ಒಬ್ಬ ಯೂಸರ್‌ಗೆ ಒಂದೇ ಪ್ರೊಫೈಲ್, ಅದೂ ಕಡ್ಡಾಯ. ಬದಲಾಯಿಸಬಹುದು, ತೆಗೆದು ಖಾಲಿ ಬಿಡಲಾಗದು. ಗವರ್ನೆನ್ಸ್ ಟೂಲ್‌ಗೆ ಇದು ಗೊತ್ತಿಲ್ಲ. ಪ್ರೊಫೈಲನ್ನೂ ಉಳಿದ ಎಂಟೈಟಲ್‌ಮೆಂಟ್‌ಗಳ (ಕೊಟ್ಟು ತೆಗೆಯಬಹುದಾದ ಹಕ್ಕುಗಳ) ಸಾಲಿಗೆ ಸೇರಿಸಿ 'ರಿಮೂವ್' ಕಳಿಸುತ್ತದೆ, ಆ ಕಡೆಯಿಂದ ಎರರ್ ವಾಪಸ್ ಬರುತ್ತದೆ. ಪ್ರೊಫೈಲನ್ನು ರಿವ್ಯೂ ಪಟ್ಟಿಯಿಂದಲೇ ಕೈಬಿಡಿ. ಇಲ್ಲವೇ ರಿವೋಕ್ ಬಂದಾಗ 'ಮಿನಿಮಮ್ ಆಕ್ಸೆಸ್ - ಸೇಲ್ಸ್‌ಫೋರ್ಸ್' ಪ್ರೊಫೈಲ್‌ಗೆ ಬದಲಾಯಿಸುವಂತೆ ಪ್ರೊವಿಷನಿಂಗ್‌ಗೆ (ಟೂಲ್ ಬದಲಾವಣೆಯನ್ನು ಸೇಲ್ಸ್‌ಫೋರ್ಸ್‌ಗೆ ಕಳಿಸುವುದು) ಮುಂಚೆ ಓಡುವ ರೂಲ್ ಒಂದನ್ನು ಬರೆಯಿರಿ. ಒಂದು ಎಚ್ಚರ: ಪ್ರೊಫೈಲ್ ಯಾವಾಗಲೂ ಒಂದು ಯೂಸರ್ ಲೈಸೆನ್ಸ್‌ಗೆ ಕಟ್ಟಿಕೊಂಡಿರುತ್ತದೆ. ಪ್ಲಾಟ್‌ಫಾರ್ಮ್ ಲೈಸೆನ್ಸ್‌ನವರಿಗೆ ಈ ಪ್ರೊಫೈಲ್ ಹಾಕಿದರೆ ಲೈಸೆನ್ಸೂ ಬದಲಾಗಿಬಿಡುತ್ತದೆ. ಅವರಿಗೆ ಬೇರೆಯದೇ ಬೇಕು.

ನನ್ನ ಅಭಿಪ್ರಾಯದಲ್ಲಿ ಸರಿಯಾದ ದಾರಿ ಇದು: ಎಲ್ಲರಿಗೂ ಅಂಥ ಬರಿಯ ಪ್ರೊಫೈಲ್ ಕೊಟ್ಟು, ಕೆಲಸಕ್ಕೆ ಬೇಕಾದ ಹಕ್ಕುಗಳನ್ನೆಲ್ಲ ಪರ್ಮಿಷನ್ ಸೆಟ್ ಗ್ರೂಪ್‌ಗಳಿಗೆ ಸಾಗಿಸುವುದು. ಆಗ ಮ್ಯಾನೇಜರ್ ರಿವ್ಯೂನಲ್ಲಿ ನೋಡುವುದು 'ಫೀಲ್ಡ್ ಸೇಲ್ಸ್', 'ಡಿಸ್ಕೌಂಟ್ ಅಪ್ರೂವಲ್' ಥರದ ಅರ್ಥವಾಗುವ ಹೆಸರುಗಳು, ರಿವೋಕೂ ನಿಜವಾಗಿ ಆಗುತ್ತದೆ. ಲಾಗಿನ್ ಅವರ್ಸ್, ಐಪಿ ರೇಂಜ್, ಪೇಜ್ ಲೇಔಟ್ ಥರದವು ಮಾತ್ರ ಪ್ರೊಫೈಲ್‌ನಲ್ಲೇ ಉಳಿಯುತ್ತವೆ. ಹಳೆಯ ಆರ್ಗ್‌ನಲ್ಲಿ (ಒಂದು ಕಂಪನಿಯ ಸೇಲ್ಸ್‌ಫೋರ್ಸ್ ಜಾಗ) ಇದು ವಾರಾಂತ್ಯಕ್ಕೆ ಮುಗಿಯುವ ಕೆಲಸವಲ್ಲ, ಪ್ರಾಜೆಕ್ಟ್ ಪ್ಲಾನ್‌ನಲ್ಲಿ ಜಾಗ ಇಡಿ.

ಇನ್ನು ಆ 'ಎಕ್ಸ್‌00ಇ'. ಪ್ರತಿ ಪ್ರೊಫೈಲ್‌ನ ಬೆನ್ನಿಗೂ ಸೇಲ್ಸ್‌ಫೋರ್ಸ್ ಒಳಗೊಳಗೇ ಒಂದು ಪರ್ಮಿಷನ್ ಸೆಟ್ ಇಟ್ಟಿರುತ್ತದೆ. ಅದಕ್ಕೆ ನೀವು ಕೈಹಾಕುವಂತಿಲ್ಲ. ಅಗ್ರಿಗೇಷನ್ (ಸೇಲ್ಸ್‌ಫೋರ್ಸ್‌ನಿಂದ ಟೂಲ್‌ಗೆ ಮಾಹಿತಿ ಎಳೆಯುವುದು) ಕ್ವೆರಿಯಲ್ಲಿ 'ಈಸ್ ಓನ್ಡ್ ಬೈ ಪ್ರೊಫೈಲ್' ಫಾಲ್ಸ್ ಇರುವುದನ್ನು ಮಾತ್ರ ಎಳೆಯಿರಿ. ಜೊತೆಗೆ ಟೈಪ್ 'ಗ್ರೂಪ್' ಇರುವುದನ್ನೂ ಬಿಡಿ, ಪರ್ಮಿಷನ್ ಸೆಟ್ ಗ್ರೂಪ್‌ನ ಒಳರೂಪ ಅದು. ಬಿಡದಿದ್ದರೆ ಒಂದೇ ಹಕ್ಕು ಎರಡು ಸಲ ರಿವ್ಯೂಗೆ ಬರುತ್ತದೆ.

ಪಬ್ಲಿಕ್ ಗ್ರೂಪ್ (ದಾಖಲೆ ಹಂಚಿಕೊಳ್ಳಲು ಮಾಡುವ ಯೂಸರ್ ಗುಂಪು) ಕೂಡ ತರುತ್ತಿದ್ದೀರಾದರೆ ನೆನಪಿಡಿ: ಗ್ರೂಪ್ ಮೆಂಬರ್ ಆಬ್ಜೆಕ್ಟ್ (ಸೇಲ್ಸ್‌ಫೋರ್ಸ್‌ನ ಒಂದು ಡೇಟಾ ಟೇಬಲ್) ನೇರ ಸದಸ್ಯರನ್ನಷ್ಟೇ ಕೊಡುತ್ತದೆ. ರೋಲ್ ಮೂಲಕ ಅಥವಾ ಇನ್ನೊಂದು ಗ್ರೂಪ್ ಮೂಲಕ ಒಳಬಂದವರು ಅದರಲ್ಲಿ ಕಾಣುವುದಿಲ್ಲ.

ಉತ್ತರ (ಸೇಲ್ಸ್‌ಫೋರ್ಸ್ ಅಡ್ಮಿನ್, ವೈಟ್‌ಫೀಲ್ಡ್)

ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಯೂಸರ್ ಆಗಲು ಒಂಬತ್ತು ಫೀಲ್ಡ್ ಬೇಕೇಬೇಕು: ಯೂಸರ್‌ನೇಮ್, ಲಾಸ್ಟ್ ನೇಮ್, ಇಮೇಲ್, ಅಲಿಯಾಸ್, ಪ್ರೊಫೈಲ್, ಟೈಮ್ ಝೋನ್, ಲೋಕೇಲ್, ಭಾಷೆ, ಇಮೇಲ್ ಎನ್‌ಕೋಡಿಂಗ್. ಕೊನೆಯ ನಾಲ್ಕನ್ನು ಎಲ್ಲರಿಗೂ ಒಂದೇ ಸ್ಥಿರ ಮೌಲ್ಯವಾಗಿಯೇ ಕೊಡಿ, ಟೈಮ್ ಝೋನ್‌ಗೆ 'ಏಷ್ಯಾ/ಕೋಲ್ಕತಾ'. ಎಡವುವುದು ಮೊದಲ ಕೆಲವುಗಳಲ್ಲಿ.

ಲಾಸ್ಟ್ ನೇಮ್: ನಮ್ಮ ಕಡೆ ಎಷ್ಟೋ ಜನಕ್ಕೆ ಮನೆತನದ ಹೆಸರಿಲ್ಲ, ಇನಿಷಿಯಲ್ ಅಷ್ಟೇ. ಎಚ್‌ಆರ್ ದಾಖಲೆಯಲ್ಲಿ ಆ ಕಾಲಂ ಖಾಲಿ ಇದ್ದರೆ ಅಕೌಂಟ್ ಆಗುವುದೇ ಇಲ್ಲ. ಖಾಲಿ ಇದ್ದಾಗ ಫಸ್ಟ್ ನೇಮನ್ನೇ ಅಲ್ಲಿಗೆ ಹಾಕುವ ಟ್ರಾನ್ಸ್‌ಫಾರ್ಮ್ (ಕಳಿಸುವ ಮುಂಚೆ ಮಾಹಿತಿ ಬದಲಿಸುವ ರೂಲ್) ಬರೆಯಿರಿ.

ಅಲಿಯಾಸ್ 8 ಅಕ್ಷರ ಮೀರುವಂತಿಲ್ಲ. ವೆಂಕಟೇಶಮೂರ್ತಿ ಅಂತ ಇಂಗ್ಲಿಷ್‌ನಲ್ಲಿ ಬರೆದರೆ ಎಷ್ಟಾಗುತ್ತೆ ಲೆಕ್ಕ ಹಾಕಿ. ಕತ್ತರಿಸಿ ಕಳಿಸಿ. ಅಲಿಯಾಸ್ ಯುನೀಕ್ ಆಗಿರಬೇಕೆಂದಿಲ್ಲ.

ಯೂಸರ್‌ನೇಮ್ ಮಾತ್ರ ನಿಮ್ಮ ಆರ್ಗ್‌ನಲ್ಲಷ್ಟೇ ಅಲ್ಲ, ಸೇಲ್ಸ್‌ಫೋರ್ಸ್‌ನ ಎಲ್ಲ ಆರ್ಗ್‌ಗಳಲ್ಲೂ ಯುನೀಕ್ ಆಗಿರಬೇಕು. ಯಾರೋ ಕಂಪನಿ ಇಮೇಲ್‌ನಲ್ಲೇ ಉಚಿತ ಟ್ರಯಲ್ ಆರ್ಗ್ ತೆರೆದಿದ್ದರೆ ಸಾಕು, 'ಡೂಪ್ಲಿಕೇಟ್ ಯೂಸರ್‌ನೇಮ್' ಬರುತ್ತದೆ. ಅದು ಇಮೇಲ್ ರೂಪದಲ್ಲಿದ್ದರೆ ಆಯಿತು, ನಿಜವಾದ ಮೇಲ್‌ಬಾಕ್ಸ್ ಆಗಬೇಕಿಲ್ಲ. ಕೊನೆಗೆ '.ಸಿಆರ್‌ಎಂ' ಥರದ ಬಾಲ ಸೇರಿಸುವುದನ್ನು ಮೊದಲ ದಿನದಿಂದಲೇ ನಿಯಮ ಮಾಡಿಕೊಳ್ಳಿ.

ಇವೆಲ್ಲ ಸರಿಯಿದ್ದೂ ನಿಂತರೆ 'ಲೈಸೆನ್ಸ್ ಲಿಮಿಟ್ ಎಕ್ಸೀಡೆಡ್' ಇದೆಯಾ ನೋಡಿ. ಯೂಸರ್ ಲೈಸೆನ್ಸ್ ಆಬ್ಜೆಕ್ಟ್‌ನಲ್ಲಿ ಒಟ್ಟು ಎಷ್ಟು, ಬಳಕೆ ಎಷ್ಟು ಅಂತ ಸಿಗುತ್ತದೆ. ಎಸ್‌ಎಸ್‌ಒ (ಕಂಪನಿಯ ಒಂದೇ ಲಾಗಿನ್‌ನಿಂದ ಎಲ್ಲ ಕಡೆ ಪ್ರವೇಶ) ಫೆಡರೇಷನ್ ಐಡಿ ನೋಡಿ ಯೂಸರನ್ನು ಗುರುತಿಸುವುದಾದರೆ ಅದನ್ನೂ ಕಳಿಸಿ, ಇಲ್ಲದಿದ್ದರೆ ಅಕೌಂಟ್ ಆದರೂ ಅವರು ಎಸ್‌ಎಸ್‌ಒ ಮೂಲಕ ಒಳಗೆ ಬರಲಾರರು.

ಸ್ಯಾಂಡ್‌ಬಾಕ್ಸ್ ರಿಫ್ರೆಶ್ ಆದಾಗ ಪ್ರೊಡಕ್ಷನ್ ಯೂಸರ್‌ಗಳ ಇಮೇಲ್ ಕೊನೆಗೆ '.ಇನ್‌ವ್ಯಾಲಿಡ್' ಸೇರುತ್ತದೆ, ಯೂಸರ್‌ನೇಮ್‌ಗೆ ಸ್ಯಾಂಡ್‌ಬಾಕ್ಸ್ ಹೆಸರು ಅಂಟುತ್ತದೆ. ಇಮೇಲ್ ಮೇಲೆ ಕೋರಿಲೇಷನ್ (ಅಕೌಂಟ್ ಯಾವ ನೌಕರರದ್ದು ಅಂತ ಹೊಂದಿಸುವುದು) ಮಾಡಿದ್ದರೆ ಒಬ್ಬರೂ ಮ್ಯಾಚ್ ಆಗುವುದಿಲ್ಲ. ಎಂಪ್ಲಾಯಿ ನಂಬರ್ ಬಳಸಿ.

ಮರುಪ್ರಶ್ನೆ (ಕೇಳಿದವರು)

ತುಂಬಾ ಧನ್ಯವಾದ ಸರ್, ಮೇಡಂ. ಕೆಲಸ ಬಿಟ್ಟವರದ್ದು ಡಿಲೀಟ್ ಮಾಡಬೇಕಾ, ಡಿಸೇಬಲ್ಲಾ? ಡಿಸೇಬಲ್ ಕೆಲವೊಮ್ಮೆ ಫೇಲ್ ಆಗ್ತಿದೆ. ಕನೆಕ್ಟರ್‌ಗೆ (ಟೂಲನ್ನು ಸೇಲ್ಸ್‌ಫೋರ್ಸ್‌ಗೆ ಜೋಡಿಸುವ ಭಾಗ) ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಯೂಸರ್‌ನ ಪಾಸ್‌ವರ್ಡ್, ಸೆಕ್ಯುರಿಟಿ ಟೋಕನ್ (ಪಾಸ್‌ವರ್ಡ್ ಜೊತೆ ಕೊಡುವ ಕೋಡ್) ಕೊಟ್ಟಿದ್ದೇವೆ, ಅದು ಸಾಕಲ್ವಾ?

ಉತ್ತರ (ಸೇಲ್ಸ್‌ಫೋರ್ಸ್ ಅಡ್ಮಿನ್, ವೈಟ್‌ಫೀಲ್ಡ್)

ಸೇಲ್ಸ್‌ಫೋರ್ಸ್‌ನಲ್ಲಿ ಯೂಸರ್ ಡಿಲೀಟ್ ಅನ್ನುವುದೇ ಇಲ್ಲ, ಡಿಆಕ್ಟಿವೇಟ್ ಮಾತ್ರ. ಟೂಲ್‌ನ 'ಡಿಲೀಟ್' ಅನ್ನೂ ಅದಕ್ಕೇ ಮ್ಯಾಪ್ ಮಾಡಿ. ಫೇಲ್ ಆಗುವುದಕ್ಕೆ ಸಾಮಾನ್ಯ ಕಾರಣ, ಆ ವ್ಯಕ್ತಿ ಡೀಫಾಲ್ಟ್ ಲೀಡ್ ಓನರ್ (ಯಾರಿಗೂ ಹಂಚಿಕೆಯಾಗದ ಸಂಭಾವ್ಯ ಗ್ರಾಹಕರು ಹೋಗಿ ಸೇರುವವರು) ಆಗಿರುವುದು, ಯಾವುದೋ ವರ್ಕ್‌ಫ್ಲೋ ಇಮೇಲ್ ಅಲರ್ಟ್‌ಗೆ ಅವರೊಬ್ಬರೇ ರಿಸೀವರ್ ಆಗಿರುವುದು, ಅಥವಾ ಕಸ್ಟಮ್ ಹೈರಾರ್ಕಿ ಫೀಲ್ಡ್‌ನಲ್ಲಿ (ಒಬ್ಬ ಯೂಸರನ್ನು ಇನ್ನೊಬ್ಬರಿಗೆ ಜೋಡಿಸುವ ಫೀಲ್ಡ್) ಅವರ ಹೆಸರಿರುವುದು. ಇವನ್ನು ಬಿಡಿಸುವ ತನಕ ಕಾಯುವಂತಿಲ್ಲ. ಹಾಗಾಗಿ ಕೊನೆಯ ದಿನ ಸಂಜೆ ಮೊದಲು ಫ್ರೀಜ್ (ಲಾಗಿನ್ ಮಾತ್ರ ತಡೆಯುವುದು), ಆಮೇಲೆ ಡಿಆಕ್ಟಿವೇಟ್. ಫ್ರೀಜ್ ಇರುವುದು ಯೂಸರ್ ಆಬ್ಜೆಕ್ಟ್‌ನಲ್ಲಲ್ಲ, ಯೂಸರ್ ಲಾಗಿನ್ ಆಬ್ಜೆಕ್ಟ್‌ನಲ್ಲಿ. ನಿಮ್ಮ ಕನೆಕ್ಟರ್ ಅದನ್ನು ಓದದಿದ್ದರೆ ಫ್ರೀಜ್ ಆದವರೂ ರಿವ್ಯೂನಲ್ಲಿ ಆ್ಯಕ್ಟಿವ್ ಆಗಿಯೇ ಕಾಣುತ್ತಾರೆ. ಫ್ರೀಜ್‌ನಿಂದ ಲೈಸೆನ್ಸ್ ಬಿಡುಗಡೆಯಾಗುವುದಿಲ್ಲ ಅನ್ನುವುದೂ ಗೊತ್ತಿರಲಿ.

ಡಿಆಕ್ಟಿವೇಟ್ ಮಾಡುವ ಮುಂಚೆ ಪರ್ಮಿಷನ್ ಸೆಟ್‌ಗಳನ್ನು ತೆಗೆಸಿ. ಇಲ್ಲದಿದ್ದರೆ ಅವು ಹಾಗೇ ಕೂತಿರುತ್ತವೆ, ಅದೇ ವ್ಯಕ್ತಿ ಮತ್ತೆ ಸೇರಿದಾಗ ಹಳೆಯ ಹಕ್ಕುಗಳೊಂದಿಗೇ ಬರುತ್ತಾರೆ. ಮತ್ತೆ ಸೇರಿದವರಿಗೆ ಹೊಸ ಅಕೌಂಟ್ ಬೇಡ, ಹಳೆಯದನ್ನೇ ಆ್ಯಕ್ಟಿವ್ ಮಾಡಿ. ಹಳೆಯ ಯೂಸರ್‌ನೇಮ್ ಇನ್ನೂ ಅಲ್ಲೇ ಇರುತ್ತದೆ.

ಉತ್ತರ (ಐಡೆಂಟಿಟಿ ಇಂಜಿನಿಯರ್, ಜೆ.ಪಿ. ನಗರ)

ಪಾಸ್‌ವರ್ಡ್ ಬದಲಾದ ತಕ್ಷಣ ಸೆಕ್ಯುರಿಟಿ ಟೋಕನ್ ಕೂಡ ಬದಲಾಗುತ್ತದೆ, ಒಂದು ಬೆಳಿಗ್ಗೆ ಕನೆಕ್ಟರ್ ನಿಂತಿರುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಯೂಸರ್ ನಿರ್ವಹಣೆಗೆ ಸಿಸ್ಟಮ್ ಅಡ್ಮಿನ್ ಪ್ರೊಫೈಲ್ ಅತಿಯಾಯಿತು. ಪ್ರತ್ಯೇಕ ಇಂಟಿಗ್ರೇಷನ್ ಯೂಸರ್ ಮಾಡಿ ಎಪಿಐ ಎನೇಬಲ್ಡ್ (ಬೇರೆ ಸಾಫ್ಟ್‌ವೇರ್ ಮೂಲಕ ಸೇಲ್ಸ್‌ಫೋರ್ಸ್ ಬಳಸುವ ಹಕ್ಕು), ಮ್ಯಾನೇಜ್ ಯೂಸರ್ಸ್ ಇರುವ ಪರ್ಮಿಷನ್ ಸೆಟ್ ಕೊಡಿ. ಮ್ಯಾನೇಜ್ ಯೂಸರ್ಸ್ ಟಿಕ್ ಮಾಡಿದರೆ ಪರ್ಮಿಷನ್ ಸೆಟ್ ಅಸೈನ್ ಮಾಡುವ ಹಕ್ಕೂ ಜೊತೆಗೇ ಬರುತ್ತದೆ, ಅಂದರೆ ಈ ಯೂಸರ್ ಕೈತಪ್ಪಿದರೆ ಆರ್ಗ್ ಕೈತಪ್ಪಿದ ಹಾಗೆ. ಕನೆಕ್ಟರ್ ಸರ್ವರ್‌ನ ಐಪಿಯಿಂದ ಮಾತ್ರ ಲಾಗಿನ್ ಆಗುವಂತೆ ಬಿಗಿ ಮಾಡಿ. ಲಾಗಿನ್‌ಗೆ ಓಆತ್ ಜೆಡಬ್ಲ್ಯೂಟಿ ಬೇರರ್ (ಪಾಸ್‌ವರ್ಡ್ ಬದಲು ಸರ್ಟಿಫಿಕೇಟ್‌ನಿಂದ ಗುರುತಿಸುವ ವಿಧಾನ) ಬಳಸಿ. 'ಯೂಸರ್ ಹ್ಯಾಸಂಟ್ ಅಪ್ರೂವ್ಡ್ ದಿಸ್ ಕನ್ಸ್ಯೂಮರ್' ಅಂತ ಬಂದರೆ ಆಪ್ ಪಾಲಿಸಿಯಲ್ಲಿ ಅಡ್ಮಿನ್ ಮುಂಚಿತ ಅನುಮತಿ ಆಯ್ಕೆ ಮಾಡಿ, ಆ ಪರ್ಮಿಷನ್ ಸೆಟ್ಟನ್ನು ಆಪ್‌ಗೆ ಸೇರಿಸಬೇಕು. ಸರ್ಟಿಫಿಕೇಟ್ ಮುಗಿಯುವ ದಿನಾಂಕವನ್ನು ಟೀಮ್ ಕ್ಯಾಲೆಂಡರ್‌ನಲ್ಲಿ ಹಾಕಿ.

ಎಪಿಐ ಮಿತಿಗೆ ಹೆದರಬೇಡಿ. ಎಂಟರ್‌ಪ್ರೈಸ್‌ನಲ್ಲಿ 24 ಗಂಟೆಗೆ 1,00,000 ಕರೆ, ಜೊತೆಗೆ ಪ್ರತಿ ಸೇಲ್ಸ್‌ಫೋರ್ಸ್ ಲೈಸೆನ್ಸ್‌ಗೆ 1,000. ಒಂದು ಕ್ವೆರಿ ಕರೆಗೆ 2,000 ಸಾಲು ಬರುತ್ತದೆ. ಆದ್ದರಿಂದ ಡೆಲ್ಟಾ ಅಗ್ರಿಗೇಷನ್‌ನ (ಬದಲಾದದ್ದನ್ನಷ್ಟೇ ಎಳೆಯುವುದು) ಆಸೆಗೆ ಬೀಳದೆ ರಾತ್ರಿ ಪೂರ್ತಿ ಅಗ್ರಿಗೇಷನ್ ಓಡಿಸಿ. ಪರ್ಮಿಷನ್ ಸೆಟ್ ಅಸೈನ್‌ಮೆಂಟ್ ಬೇರೆ ಆಬ್ಜೆಕ್ಟ್. ಯಾರಾದರೂ ಅಡ್ಮಿನ್ ಕೈಯಾರೆ ಹಕ್ಕು ಕೊಟ್ಟರೆ ಯೂಸರ್‌ನ ಮಾಡಿಫೈಡ್ ಸಮಯ ಬದಲಾಗುವುದಿಲ್ಲ, ಡೆಲ್ಟಾ ಅದನ್ನು ಹಿಡಿಯುವುದಿಲ್ಲ. ಗವರ್ನೆನ್ಸ್ ಹಿಡಿಯಬೇಕಾದದ್ದೇ ಅದನ್ನು.

ಆಡಿಟ್ ಕಡೆಯಿಂದ ಒಂದು ಮಾತು: ಸೆಟಪ್ ಆಡಿಟ್ ಟ್ರೇಲ್ (ಅಡ್ಮಿನ್‌ಗಳು ಮಾಡಿದ ಬದಲಾವಣೆಗಳ ದಾಖಲೆ) 180 ದಿನ ಮಾತ್ರ ಉಳಿಯುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಲಾಗ್‌ಗಳಿಗೆ ಕೇಳುವುದೂ 180 ದಿನವೇ, ಆದರೆ ವಾರ್ಷಿಕ ಆಡಿಟ್‌ಗೆ ಬರುವವರು ವರ್ಷದ್ದು ಕೇಳುತ್ತಾರೆ. ತಿಂಗಳಿಗೊಮ್ಮೆ ಸಿಎಸ್‌ವಿ ಇಳಿಸಿ ಹೊರಗಡೆ ಇಡುವ ಜಾಬ್ ಒಂದನ್ನು ಈಗಲೇ ಹಾಕಿಬಿಡಿ.