ವರ್ಷಕ್ಕೆ ಶೇ. 4 ತೆಗೆದರೆ ಇಡುಗಂಟು ಕೊನೆವರೆಗೂ ಬರುತ್ತಾ?

ನಿಧಾನಿ:
ಇನ್ನೆರಡು ವರ್ಷಕ್ಕೆ ನಿವೃತ್ತಿ. ಇಡುಗಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಷೇರು, ಅರ್ಧ ಬಾಂಡ್ ಇದೆ. ಎಲ್ಲಿ ನೋಡಿದರೂ ಈ ಶೇ. 4ರ ಲೆಕ್ಕವೇ ಕಾಣುತ್ತದೆ. ಇದು ಎಲ್ಲಿಂದ ಬಂತು, ಎಷ್ಟು ನಂಬಬಹುದು? ಕ್ಯಾಲ್ಕುಲೇಟರ್‌ಗಳೆಲ್ಲ ಸರಾಸರಿ ಲಾಭ ಅಂತ ಒಂದೇ ಸಂಖ್ಯೆ ಕೇಳಿ, 95ನೇ ವಯಸ್ಸಿನವರೆಗೂ ದುಡ್ಡು ಉಳಿಯುತ್ತೆ ಅಂತ ತೋರಿಸುತ್ತವೆ. ಮಾರುಕಟ್ಟೆ ಹಾಗೆ ಒಂದೇ ಸಮನೆ ಏರಲ್ಲ ಅಲ್ವಾ? ಆನ್ಯುಟಿ (ಕಂಪನಿಗೆ ಒಮ್ಮೆ ದೊಡ್ಡ ಮೊತ್ತ ಕೊಟ್ಟರೆ ಬದುಕಿರುವವರೆಗೂ ಕಂತಿನಲ್ಲಿ ಹಣ ಕೊಡುವ ಯೋಜನೆ) ತಗೊಳ್ಳಿ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ಏಜೆಂಟರ ಮಾತು ಸಾಕಷ್ಟು ಕೇಳಿದ್ದೇನೆ, ಸಂಶೋಧನೆ ಓದಿಕೊಂಡವರು ಹೇಳಿ.

ಲೆಕ್ಕದವಳು:
ನಿಮ್ಮ ಅನುಮಾನ ಸರಿಯಾಗಿದೆ. ದುಡ್ಡು ತೆಗೆಯುತ್ತಾ ಹೋಗುವಾಗ ಸರಾಸರಿ ಲಾಭಕ್ಕಿಂತ ಲಾಭ ನಷ್ಟ ಬರುವ ಕ್ರಮ ಮುಖ್ಯ. ಮೂರೇ ವರ್ಷದ ಲೆಕ್ಕ ಹಾಕಿ ನೋಡಿ. 100ರಿಂದ ಶುರು. ಮೊದಲ ವರ್ಷ ಶೇ. 20 ನಷ್ಟ, ಎರಡನೇ ವರ್ಷ ಏನೂ ಇಲ್ಲ, ಮೂರನೇ ವರ್ಷ ಶೇ. 30 ಲಾಭ. ಪ್ರತಿ ವರ್ಷದ ಕೊನೆಗೆ 10 ತೆಗೆಯುತ್ತೀರಿ. 80 ಆಗಿ 70ಕ್ಕೆ ಇಳಿಯುತ್ತೆ, ಆಮೇಲೆ 60, ಆಮೇಲೆ 78 ಆಗಿ 68ಕ್ಕೆ ನಿಲ್ಲುತ್ತೆ. ಈಗ ಅದೇ ಮೂರು ವರ್ಷಗಳನ್ನು ತಿರುಗಿಸಿ ಹಾಕಿ: 130, ತೆಗೆದು 120, ಆಮೇಲೆ 110, ಕೊನೆಗೆ 88 ಆಗಿ 78. ಏನೂ ತೆಗೆಯದೇ ಬಿಟ್ಟಿದ್ದರೆ ಎರಡೂ ಕಡೆ 104 ಇರುತ್ತಿತ್ತು. ಸರಾಸರಿ ಒಂದೇ, ಕೈಗೆ ಉಳಿದದ್ದು ಬೇರೆ. ಬೆಲೆ ಬಿದ್ದಾಗ ಮಾರಿ ತಿಂದ ಷೇರು, ಬೆಲೆ ಏರಿದಾಗ ನಿಮ್ಮ ಹತ್ತಿರ ಇರಲ್ಲ, ಅಷ್ಟೇ ವಿಷಯ. ಅದಕ್ಕೇ ನಿವೃತ್ತಿಯ ಆಸುಪಾಸಿನ ವರ್ಷಗಳು ಇಷ್ಟು ಸೂಕ್ಷ್ಮ. ಕೆಲಸದಲ್ಲಿದ್ದು ಹಣ ಹಾಕುತ್ತಿದ್ದ ಕಾಲದಲ್ಲಿ ಅದೇ ಕುಸಿತ ನಿಮಗೆ ಅಗ್ಗದ ಖರೀದಿ.

ಹಳೇ ಕಡತ:
ಶೇ. 4ರ ಮೂಲ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಬರೆದ ಲೇಖನ. ಅಮೆರಿಕದ 1926ರಿಂದಿನ ಅಂಕಿಅಂಶ ಇಟ್ಟುಕೊಂಡು, ಬೇರೆಬೇರೆ ವರ್ಷ ನಿವೃತ್ತರಾದವರ ಹಣ ಎಷ್ಟು ಕಾಲ ಬರುತ್ತಿತ್ತು ಅಂತ ನೋಡಿದರು. ಮೊದಲ ವರ್ಷ ಇಡುಗಂಟಿನ ಶೇ. 4, ಆಮೇಲೆ ಪ್ರತಿ ವರ್ಷ ಆ ಮೊತ್ತಕ್ಕೆ ಹಣದುಬ್ಬರದಷ್ಟು ಮಾತ್ರ ಸೇರಿಸುವುದು. ಪ್ರತಿ ವರ್ಷ ಉಳಿದದ್ದರಲ್ಲಿ ಶೇ. 4 ಅಲ್ಲ, ಇಲ್ಲಿ ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಹೀಗೆ ತೆಗೆದರೆ ಅತಿ ಕೆಟ್ಟ ಕಾಲದಲ್ಲಿ ಶುರು ಮಾಡಿದವರಿಗೂ ಸುಮಾರು 30 ವರ್ಷ ಬಂತು. ಬೆಂಗೆನ್ ಅವರೇ ಆಮೇಲೆ ಈ ಅಂಕಿಯನ್ನು ಮೇಲಕ್ಕೆ ಏರಿಸಿದರು.

ಆದರೆ 20ನೇ ಶತಮಾನದಲ್ಲಿ ಅಮೆರಿಕದ ಮಾರುಕಟ್ಟೆ ಅದೃಷ್ಟದ ಮಾರುಕಟ್ಟೆ. ನಿವೃತ್ತಿ ಹಣದ ಸಂಶೋಧಕ ವೇಡ್ ಫೌ 2010ರಲ್ಲಿ 17 ಮುಂದುವರಿದ ದೇಶಗಳ ಅಂಕಿಅಂಶದ ಮೇಲೆ ಇದೇ ಲೆಕ್ಕ ಹಾಕಿದಾಗ ಹೆಚ್ಚಿನ ಕಡೆ ಶೇ. 4 ನಿಲ್ಲಲಿಲ್ಲ. ಹಾಗಾಗಿ ನಾನು ಅದನ್ನು ಭರವಸೆ ಅಂತ ತಗೊಳ್ಳಲ್ಲ, ಲೆಕ್ಕ ಶುರು ಮಾಡುವ ಜಾಗ ಅಷ್ಟೇ. ಮಾರುಕಟ್ಟೆ ಬಿದ್ದ ವರ್ಷ ಖರ್ಚು ಸ್ವಲ್ಪ ತಗ್ಗಿಸಲು ಆಗುತ್ತಾ ಅನ್ನುವುದರ ಮೇಲೆ ಬಹಳ ನಿಂತಿದೆ. ಮತ್ತೆ ನೀವು 55ಕ್ಕೇ ಬಿಡುತ್ತಿದ್ದರೆ 30 ವರ್ಷದ ಲೆಕ್ಕ ನಿಮಗೆ ಸಾಲದು.

ನಿಧಾನಿ:
ಇಬ್ಬರಿಗೂ ಧನ್ಯವಾದ. ಬಿಡುವಾಗ ನನಗೆ 60 ಆಗಿರುತ್ತೆ. ತಗ್ಗಿಸಬಹುದಾದ ಖರ್ಚು ಕಮ್ಮಿ, ಜಾಸ್ತಿ ಪಾಲು ಬಾಡಿಗೆ, ಊಟ, ಔಷಧಿ. ಆನ್ಯುಟಿ ಬಗ್ಗೆ ಯಾರೂ ಹೇಳಲಿಲ್ಲ.

ಲೆಕ್ಕದವಳು:
ಹಾಗಿದ್ದರೆ ಆನ್ಯುಟಿಯನ್ನು ಸುಮ್ನೆ ತಳ್ಳಿಹಾಕಬೇಡಿ. ಎಷ್ಟು ವರ್ಷ ಬದುಕುತ್ತೇವೆ ಅಂತ ಒಬ್ಬರಿಗೆ ಗೊತ್ತಾಗಲ್ಲ, ಸಾವಿರಾರು ಜನರ ಗುಂಪಿನಲ್ಲಿ ಅಂದಾಜು ಸಿಗುತ್ತೆ. ಬೇಗ ಹೋದವರ ಪಾಲು ಹೆಚ್ಚು ಕಾಲ ಬದುಕಿದವರಿಗೆ ಹೋಗುತ್ತೆ. ಇದನ್ನು ಒಬ್ಬರೇ ಯಾವ ಷೇರು, ಬಾಂಡ್ ಇಟ್ಟುಕೊಂಡೂ ಮಾಡಿಕೊಳ್ಳಲು ಆಗಲ್ಲ. ಬೆಲೆ ನ್ಯಾಯವಾಗಿದ್ದು, ಮಕ್ಕಳಿಗೆ ಬಿಡುವ ಯೋಚನೆ ಇಲ್ಲದಿದ್ದರೆ ಎಲ್ಲ ಹಣವನ್ನೂ ಆನ್ಯುಟಿಗೆ ಹಾಕುವುದೇ ಸರಿ ಅಂತ ಅರ್ಥಶಾಸ್ತ್ರಜ್ಞ ಮೆನಾಹೆಮ್ ಯಾರಿ 1965ರಲ್ಲೇ ತೋರಿಸಿದ್ದರು. ಆದರೂ ತಾವಾಗಿ ಕೊಳ್ಳುವವರು ಕಮ್ಮಿ. ಅರ್ಥಶಾಸ್ತ್ರದವರು ಇದನ್ನು ಒಗಟು ಅಂತಲೇ ಕರೆಯುತ್ತಾರೆ.

ಹಳೇ ಕಡತ:
ಜನ ಹಿಂಜರಿಯಲು ಕಾರಣವೂ ಇದೆ. ಅರ್ಥಶಾಸ್ತ್ರಜ್ಞರಾದ ಫಿಂಕೆಲ್‌ಸ್ಟೈನ್ ಮತ್ತು ಪೊಟೆರ್ಬಾ 2004ರಲ್ಲಿ ಬ್ರಿಟನ್ನಿನ ಆನ್ಯುಟಿ ಮಾರುಕಟ್ಟೆ ನೋಡಿದಾಗ, ಕಾಲ ಕಳೆದಂತೆ ಜಾಸ್ತಿ ಕೊಡುವ ಆನ್ಯುಟಿ ಆರಿಸಿಕೊಂಡವರು ನಿಜವಾಗಿಯೂ ಹೆಚ್ಚು ಕಾಲ ಬದುಕಿದ್ದು ಕಂಡಿತು. ಹಾಗಾಗಿ ಕಂಪನಿ ದೀರ್ಘಾಯುಷಿಗಳನ್ನು ಮನಸ್ಸಿನಲ್ಲಿಟ್ಟೇ ಬೆಲೆ ಕಟ್ಟುತ್ತೆ, ಆರೋಗ್ಯ ಚೆನ್ನಾಗಿಲ್ಲದವರಿಗೆ ಅದು ದುಬಾರಿ. ಇನ್ನು ಪ್ರತಿ ತಿಂಗಳು ಅದೇ ಮೊತ್ತ ಕೊಡುವ ಆನ್ಯುಟಿ ಆದರೆ, ಹಣದುಬ್ಬರ ಶೇ. 3 ಇದ್ದರೂ 24 ವರ್ಷದಲ್ಲಿ ಅದರ ಬೆಲೆ ಅರ್ಧ. ಶೇ. 6 ಇದ್ದರೆ 12 ವರ್ಷ ಸಾಕು. ಒಮ್ಮೆ ಕೊಟ್ಟ ಹಣವನ್ನು ಆಸ್ಪತ್ರೆಗೆ ಬೇಕು ಅಂದರೆ ವಾಪಸ್ ಪಡೆಯುವುದೂ ಕಷ್ಟ.

ಲೆಕ್ಕದವಳು:
ಒಪ್ಪಿದೆ. ಅದಕ್ಕೇ ಪೂರ್ತಿ ಹಾಕಿ ಅನ್ನಲ್ಲ. ನಿಧಾನಿಯವರೇ, ತಗ್ಗಿಸಲಾಗದ ಖರ್ಚನ್ನು ಮೊದಲು ಬರೆದಿಡಿ. ಬರುವ ಪಿಂಚಣಿಯನ್ನು ಅದರಿಂದ ಕಳೆಯಿರಿ. ಉಳಿದ ಕೊರತೆಯಷ್ಟಕ್ಕೆ ಮಾತ್ರ, ಹಣದುಬ್ಬರದ ಜೊತೆ ಏರುವ ಆನ್ಯುಟಿ ಸಿಗುತ್ತಾ, ಗಂಡ ಹೆಂಡತಿ ಇಬ್ಬರ ಕಾಲಕ್ಕೂ ಬರುತ್ತಾ ಅಂತ ವಿಚಾರಿಸಿ. ಆ ಕೊರತೆ ಎಷ್ಟು ಅಂತ ಇಲ್ಲಿ ಹಾಕಿದರೆ ಒಟ್ಟಿಗೇ ಕೂತು ಲೆಕ್ಕ ನೋಡೋಣ.