ಎಸಿ ಪಿಸ್ಟನ್ ನಟ್ ಹತ್ತಿರ ಎಣ್ಣೆ ಜಿನುಗುತ್ತಿದೆ. ಸೀಲ್ ಬದಲಿಸಬೇಕಾ, ಬಿಗಿ ಮಾಡಿದರೆ ಸಾಕಾ?

ಪ್ರಶ್ನೆ:
ನಮ್ಮದು ಡಕ್ಟ್ ಇರುವ ಎಸಿ, ಗ್ಯಾಸ್ ಆರ್-410ಎ. ಲಿಕ್ವಿಡ್ ಪೈಪ್ (ದ್ರವರೂಪದ ಗ್ಯಾಸ್ ಬರುವ ಪೈಪ್) ಒಳಗಿನ ಕಾಯಿಲ್‌ಗೆ ಸೇರುವ ಕಡೆ ಹಿತ್ತಾಳೆ ನಟ್ ಇದೆ. ಅದರೊಳಗೆ ಪಿಸ್ಟನ್, ಅಂದರೆ ಗ್ಯಾಸ್ ಅನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಲೋಹದ ತುಂಡು ಇರುತ್ತದೆ. ಅದರ ಸುತ್ತ ಎಣ್ಣೆ ಜಿಡ್ಡು. ಸೋಪಿನ ನೀರು ಹಚ್ಚಿದರೆ ಸಣ್ಣ ಗುಳ್ಳೆ ಬರುತ್ತದೆ. ತಂಪು ಕಡಿಮೆಯಾಗಿದೆ, ಕಾಯಿಲ್ ಮೇಲೆ ಅಲ್ಲಲ್ಲಿ ಐಸ್ ಕಟ್ಟುತ್ತಿದೆ. ಬಂದ ಮೆಕ್ಯಾನಿಕ್ ನಟ್ ಬಿಗಿ ಮಾಡಿ ಗ್ಯಾಸ್ ತುಂಬಿಸೋಣ ಅಂದರು. ಒಳಗೆ ಟೆಫ್ಲಾನ್ ಸೀಲ್ ಇದೆಯಂತಲ್ವಾ? ಅದನ್ನು ನಾನೇ ಬದಲಿಸಬಹುದಾ?

ಉತ್ತರ (ಎಸಿ ರಿಪೇರಿ ಕೆಲಸದವನು):
ದಯವಿಟ್ಟು ಬಿಗಿ ಮಾಡಿಸಬೇಡಿ. ಟೆಫ್ಲಾನ್ ರಬ್ಬರ್ ಥರ ಅಲ್ಲ. ಒಮ್ಮೆ ಒತ್ತಿ ಕೂತರೆ ಅದೇ ಆಕಾರದಲ್ಲಿ ನಿಲ್ಲುತ್ತದೆ, ಮತ್ತೆ ಉಬ್ಬುವುದಿಲ್ಲ. ಸೋರುವ ಸೀಲ್ ಮೇಲೆ ಇನ್ನಷ್ಟು ಬಲ ಹಾಕಿದರೆ ಅದು ಹಿಂಡಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಹಿತ್ತಾಳೆ ಮುಖಕ್ಕೆ ಗೀರು ಬಿದ್ದರಂತೂ ಹೊಸ ಸೀಲ್ ಕೂಡ ಕೂರುವುದಿಲ್ಲ. ಆ ನಟ್ ಬಿಚ್ಚಿದಾಗಲೆಲ್ಲ ಹೊಸ ಸೀಲ್ ಹಾಕಬೇಕು. ನಾನು ಇದರಲ್ಲಿ ರಾಜಿಯಾಗುವುದೇ ಇಲ್ಲ.

ಹತ್ತಿರದಲ್ಲಿ ಬ್ರೇಜಿಂಗ್ (ಲೋಹ ಕರಗಿಸಿ ಪೈಪ್ ಬೆಸೆಯುವುದು) ಮಾಡಿದ್ದಾರಾ ನೋಡಿ. ಟೆಫ್ಲಾನ್ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬ್ರೇಜಿಂಗ್ ಬಿಸಿ ಅದರ ಎರಡು ಪಟ್ಟು. ಒದ್ದೆ ಬಟ್ಟೆ ಸುತ್ತದೆ ಬೆಂಕಿ ತೋರಿಸಿದರೆ ಸೀಲ್ ಆಗಲೇ ಹಾಳು.

ಸೀಲ್ ಹಾಕುವುದು ಚಿಕ್ಕ ಕೆಲಸ. ಮೊದಲು ಗ್ಯಾಸ್ ಅನ್ನು ರಿಕವರಿ ಮೆಷಿನ್‌ನಿಂದ ಸಿಲಿಂಡರ್‌ಗೆ ತೆಗೆಯಬೇಕು, ಗಾಳಿಗೆ ಬಿಡಬಾರದು. ಎರಡು ಸ್ಪ್ಯಾನರ್ ಬಳಸಿ. ಒಂದು ನಟ್‌ಗೆ, ಇನ್ನೊಂದು ಬಾಡಿ ತಿರುಗದಂತೆ ಹಿಡಿಯಲಿಕ್ಕೆ. ಇಲ್ಲದಿದ್ದರೆ ತಾಮ್ರದ ಪೈಪ್ ತಿರುಚಿಕೊಳ್ಳುತ್ತದೆ. ಪಿಸ್ಟನ್ ಹೊರಗೆ ಬಂದರೆ ಯಾವ ಮುಖ ಯಾವ ಕಡೆ ಇತ್ತು ಅಂತ ಫೋಟೋ ತೆಗೆದುಕೊಳ್ಳಿ. ತೂತಿಗೆ ತಂತಿ ತೂರಿಸಬೇಡಿ, ತೂತು ದೊಡ್ಡದಾದರೆ ಪಿಸ್ಟನ್ ಕೆಲಸಕ್ಕೆ ಬರುವುದಿಲ್ಲ. ಹೊಸ ಸೀಲ್ ಹಾಕಿ, ನಟ್ ಅನ್ನು ಮೊದಲು ಕೈಯಲ್ಲಿ ತಿರುಗಿಸಿ. ಆಮೇಲೆ ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ.

ನಂತರ ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು. ಆಕ್ಸಿಜನ್ ಮಾತ್ರ ಯಾವತ್ತೂ ಬೇಡ, ಎಣ್ಣೆ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆದು ತೆಗೆಯುವುದು. ಅದನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ನಾನು 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪ್ ಬಂದ್ ಮಾಡಿ, ಮೇಲೇರುತ್ತದಾ ಅಂತ ನೋಡುತ್ತೇನೆ. 410ಎ ಮೆಷಿನ್‌ಗಳ ಎಣ್ಣೆ ತೇವವನ್ನು ಬೇಗ ಹೀರುತ್ತದೆ. ಹಾಗಾಗಿ ಪೈಪ್ ಬಾಯಿ ತೆರೆದಿಟ್ಟು ಊಟಕ್ಕೆ ಹೋಗಬೇಡಿ.

ಇಷ್ಟು ಸಾಮಾನು, ತರಬೇತಿ ಇಲ್ಲದಿದ್ದರೆ ನೀವೇ ಮಾಡಬೇಡಿ. ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಿ.

ಇನ್ನೊಬ್ಬರ ಪ್ರಶ್ನೆ:
ನಮ್ಮಲ್ಲಿ ಹೊರಗೆ ಸೋರಿಕೆ ಇರಲಿಲ್ಲ. ಆದರೂ ಸಕ್ಷನ್ ಒತ್ತಡ (ಕಂಪ್ರೆಸರ್ ಕಡೆ ವಾಪಸ್ ಹೋಗುವ ಪೈಪಿನ ಒತ್ತಡ) ಜಾಸ್ತಿ, ಸೂಪರ್‌ಹೀಟ್ (ಆ ಪೈಪಿನ ಗ್ಯಾಸ್ ತನ್ನ ಕುದಿಯುವ ಉಷ್ಣತೆಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿ ಅನ್ನುವ ಲೆಕ್ಕ) ತೀರಾ ಕಡಿಮೆ. ಅದೂ ಸೀಲ್ ತೊಂದರೆಯೇನಾ?

ಉತ್ತರ (ಎಸಿ ರಿಪೇರಿ ಕೆಲಸದವನು):
ಅದು ಬೇರೆ ವಿಷಯ. ನಟ್‌ನ ಸೀಲ್ ಹೋದರೆ ಗ್ಯಾಸ್ ಹೊರಗೆ ಹೋಗುತ್ತದೆ. ಆಗ ಸಕ್ಷನ್ ಒತ್ತಡ ಇಳಿಯುತ್ತದೆ, ಸೂಪರ್‌ಹೀಟ್ ಏರುತ್ತದೆ. ನಿಮ್ಮದು ಉಲ್ಟಾ. ಪಿಸ್ಟನ್ ಸರಿಯಾಗಿ ಕೂತಿಲ್ಲ, ಕೂರದಂತೆ ಅಂಚಿಗೆ ಕಸ ಸಿಕ್ಕಿದೆ, ತಿರುವುಮುರುವಾಗಿದೆ, ಇಲ್ಲವೇ ದೊಡ್ಡ ತೂತಿನದು ಬಿದ್ದಿದೆ. ತೂತಿನಲ್ಲಿ ಹೋಗಬೇಕಾದ ಲಿಕ್ವಿಡ್ ಪಕ್ಕದಿಂದ ನುಸುಳಿದರೂ ಹೀಗೇ. ಗ್ಯಾಸ್ ಜಾಸ್ತಿ ತುಂಬಿದ್ದರೂ ಇದೇ ಲಕ್ಷಣ, ಅದನ್ನು ಮೊದಲು ನೋಡಿ. ಸುಮ್ನೆ ಓಡಿಸುತ್ತಾ ಇರಬೇಡಿ. ಲಿಕ್ವಿಡ್ ವಾಪಸ್ ಬಂದರೆ ಕಂಪ್ರೆಸರ್‌ಗೇ ಪೆಟ್ಟು.

ಪ್ರಶ್ನೆ ಕೇಳಿದವರು:
ಸೀಲ್ ಕಿಟ್ ಜೊತೆ 68 ಅಂತ ಬರೆದ ಪಿಸ್ಟನ್ ಕೊಟ್ಟಿದ್ದಾರೆ. ನಮ್ಮದರ ಮೇಲೆ 59 ಇದೆ. ಹೊಸದನ್ನೇ ಹಾಕಿಸಲಾ?

ಉತ್ತರ (ಎಸಿ ರಿಪೇರಿ ಕೆಲಸದವನು):
ಬೇಡ. ಸಾಮಾನ್ಯವಾಗಿ ಆ ನಂಬರ್ ತೂತಿನ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ. 59 ಅಂದರೆ ಸುಮಾರು 1.5 ಮಿಲಿಮೀಟರ್, 68 ಅಂದರೆ 1.7. ನೋಡಲಿಕ್ಕೆ ಸಣ್ಣ ವ್ಯತ್ಯಾಸ, ಆದರೆ ತೂತಿನ ವಿಸ್ತೀರ್ಣ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ. ಹೊರಗಿನ ಯೂನಿಟ್‌ನ ಚಾರ್ಟ್ ಯಾವ ನಂಬರ್ ಹೇಳುತ್ತದೋ ಅದೇ ಇರಲಿ. 59 ಸರಿ ಇದ್ದರೆ ಅದನ್ನೇ ಒರೆಸಿ ಹಾಕಿಸಿ, ಸೀಲ್ ಮಾತ್ರ ಹೊಸದು. ಗ್ಯಾಸ್ ಅನ್ನು ತೂಕ ನೋಡಿ ಲಿಕ್ವಿಡ್ ಆಗಿಯೇ ಬಿಡಲಿ, ಯಾಕಂದರೆ 410ಎ ಎರಡು ಗ್ಯಾಸ್‌ಗಳ ಮಿಶ್ರಣ, ಆವಿಯಾಗಿ ಬಿಟ್ಟರೆ ಅವುಗಳ ಪ್ರಮಾಣ ಬದಲಾಗಬಹುದು. ಕೊನೆಗೆ ಸೂಪರ್‌ಹೀಟ್ ಅಳೆದು ಚಾರ್ಟ್‌ಗೆ ಹೋಲಿಸಿ ಅಂತ ಕೇಳಿ.