ಟ್ಯಾಂಕ್ ನೀರಲ್ಲಿ ಇ. ಕೋಲಿ: ಡಿಎನ್‌ಎ ಸೆನ್ಸರ್ ಡಿಸ್ಟಿಲ್ಡ್ ನೀರಿಗೂ ಪಾಸಿಟಿವ್ ಅನ್ನುತ್ತಿದೆ

ಹೊಸಬಾವಿ:
ಚಿನ್ನದ ಸ್ಕ್ರೀನ್-ಪ್ರಿಂಟೆಡ್ ಎಲೆಕ್ಟ್ರೋಡ್ ಮೇಲೆ 24 ಬೇಸ್‌ಗಳ ಥಯಾಲ್ ಪ್ರೋಬ್ (ಗಂಧಕದ ತುದಿಯಿಂದ ಚಿನ್ನಕ್ಕೆ ಅಂಟಿ, ಗುರಿ ಡಿಎನ್‌ಎ ಹಿಡಿಯುವ ಎಳೆ) ಕೂರಿಸಿದ್ದೇನೆ. ಗುರಿ ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಗುರುತಿಸುವ ಯುಐಡಿಎ ಜೀನ್. 5 ಮಿಲಿಮೋಲಾರ್ ಫೆರಿ-ಫೆರೋಸಯನೈಡ್‌ನಲ್ಲಿ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಬರುವ ತಡೆ) ಅಳೆಯುತ್ತಿದ್ದೇನೆ. ಸಿಂಥೆಟಿಕ್ ಡಿಎನ್‌ಎ 10 ನ್ಯಾನೋಮೋಲಾರ್ ಹಾಕಿದರೆ ರೆಸಿಸ್ಟೆನ್ಸ್ ಚೆನ್ನಾಗಿ ಏರುತ್ತದೆ. ಟ್ಯಾಂಕ್ ನೀರು ಕುದಿಸಿ 10 ಮೈಕ್ರೋಲೀಟರ್ ಹಾಕಿದರೆ ಸ್ವಲ್ಪ ಏರಿಕೆ, ಡಿಸ್ಟಿಲ್ಡ್ ನೀರಿಗೂ ಅಷ್ಟೇ ಏರಿಕೆ. ಪ್ರೋಬ್ ಬದಲಿಸಬೇಕೇ?

ಪಿಪೆಟ್_ಹಿಡಿದವ:
ಪ್ರೋಬ್ ಬಿಡಿ, ಮೊದಲು ಲೆಕ್ಕ ಹಾಕಿ. ನಿಮ್ಮ ಸೆನ್ಸರ್ 1 ಪಿಕೋಮೋಲಾರ್‌ವರೆಗೂ ಹಿಡಿಯುತ್ತದೆ ಅಂದುಕೊಳ್ಳೋಣ. 10 ಮೈಕ್ರೋಲೀಟರ್‌ನಲ್ಲಿ ಅದು ಸುಮಾರು 60 ಲಕ್ಷ ಅಣುಗಳು. ಭಾರತೀಯ ಮಾನದಂಡ ಐಎಸ್ 10500:2012 ಪ್ರಕಾರ 100 ಮಿ.ಲೀ. ಕುಡಿಯುವ ನೀರಲ್ಲಿ ಒಂದು ಇ. ಕೋಲಿಯೂ ಸಿಗಬಾರದು. ಜೀನ್ ನಕಲಿನ ಲೆಕ್ಕದಲ್ಲಿ ಒಂದು ಕೋಶ ಅಂದರೆ ಬೆರಳೆಣಿಕೆ. ನೇರವಾಗಿ ಹಾಕಿ ಹಿಡಿಯುವುದು ಆಗದ ಮಾತು. 100 ಮಿ.ಲೀ. ನೀರನ್ನು 0.45 ಮೈಕ್ರಾನ್ ಮೆಂಬ್ರೇನ್‌ನಲ್ಲಿ ಸೋಸಿ, ಕೋಶಗಳನ್ನು ಕಡಿಮೆ ಬಫರ್‌ಗೆ ಇಳಿಸಿ, 95 ಡಿಗ್ರಿಯಲ್ಲಿ 10 ನಿಮಿಷ ಒಡೆದು, ಆಮೇಲೆ ಲ್ಯಾಂಪ್‌ನಲ್ಲಿ (ಒಂದೇ ಉಷ್ಣತೆಯಲ್ಲಿ ಡಿಎನ್‌ಎ ನಕಲು ಹೆಚ್ಚಿಸುವ ವಿಧಾನ; 65 ಡಿಗ್ರಿ, 30ರಿಂದ 60 ನಿಮಿಷ) ವರ್ಧಿಸಿ. ಪ್ರೋಬನ್ನು ಲ್ಯಾಂಪ್ ಉತ್ಪನ್ನದ ಒಂಟಿ ಎಳೆಯ ಲೂಪ್ ಭಾಗಕ್ಕೆ ಹೊಂದುವಂತೆ ಬರೆದರೆ ಎಳೆ ಬಿಡಿಸುವ ತಾಪತ್ರಯ ಇಲ್ಲ.

ಚಿನ್ನದ_ತಗಡು:
ಡಿಸ್ಟಿಲ್ಡ್ ನೀರಿನ ಏರಿಕೆ ಬೇರೆಯೇ ಕಥೆ, ಅದು ಮೇಲ್ಮೈಯ ಸಮಸ್ಯೆ. ಪ್ರೋಬ್ ಕೂರಿಸುವ ಮುನ್ನ ಅದನ್ನು ಟಿಸಿಇಪಿ ಎಂಬ ರಾಸಾಯನಿಕದಲ್ಲಿ ಒಂದು ಗಂಟೆ ಇಟ್ಟು ಡೈಸಲ್ಫೈಡ್ (ಎರಡು ಗಂಧಕಗಳ ಜೋಡಿ) ಒಡೆದಿರಾ? ಆಮೇಲೆ 1 ಮಿಲಿಮೋಲಾರ್ ಮರ್ಕ್ಯಾಪ್ಟೋಹೆಕ್ಸನಾಲ್ (ಪ್ರೋಬ್‌ಗಳ ನಡುವಿನ ಖಾಲಿ ಚಿನ್ನ ಮುಚ್ಚುವ ಅಣು) ಒಂದು ಗಂಟೆ? ಇದು ಕಡಿಮೆಯಾದರೆ ಖಾಲಿ ಉಳಿದ ಚಿನ್ನಕ್ಕೆ ಸಿಕ್ಕಿದ್ದೆಲ್ಲ ಅಂಟುತ್ತದೆ. ಫೆರಿ-ಫೆರೋಸಯನೈಡ್ ಚಿನ್ನವನ್ನೂ ಮೆಲ್ಲಗೆ ತಿನ್ನುತ್ತದೆ. ಅದರಲ್ಲಿ ಎಲೆಕ್ಟ್ರೋಡ್ ನೆನೆಸಿಡಬೇಡಿ. ಇನ್ನೊಂದು ವಿಷಯ, ಡಿಸ್ಟಿಲ್ಡ್ ನೀರು ಬ್ಲ್ಯಾಂಕ್ (ಹೋಲಿಕೆಗೆ ಇಡುವ, ಗುರಿಯಿಲ್ಲದ ಸ್ಯಾಂಪಲ್) ಆಗುವುದಿಲ್ಲ. ಅದೇ ಬಫರ್, ಅದೇ ಉಪ್ಪು, ಜೊತೆಗೆ ಹೊಂದದ ಡಿಎನ್‌ಎ ಹಾಕಿದ್ದೇ ಸರಿಯಾದ ಬ್ಲ್ಯಾಂಕ್. ಲ್ಯಾಂಪ್ ಬಫರ್‌ನಲ್ಲಿರುವ ಡಿಟರ್ಜೆಂಟ್ ಮೇಲಿನ ಪದರವನ್ನು ಕೆಡಿಸುತ್ತದೆ, 10 ಪಟ್ಟು ತೆಳು ಮಾಡಿಯೇ ಹಾಕಿ.

ಪಿಪೆಟ್_ಹಿಡಿದವ:
ಮೇಲಿನದಕ್ಕೊಂದು ಸೇರ್ಪಡೆ. ಲ್ಯಾಂಪ್‌ಗೆ ಸ್ಯಾಂಪಲ್ ಬದಲು ನೀರಷ್ಟೇ ಹಾಕಿದ ಕಂಟ್ರೋಲ್ ಪ್ರತಿ ಸಲ ಇಡಿ. ಕೊಂಡುತಂದ ಪಾಲಿಮರೇಸ್ (ಡಿಎನ್‌ಎ ನಕಲಿಸುವ ಕಿಣ್ವ) ಹೆಚ್ಚಾಗಿ ಇ. ಕೋಲಿಯಲ್ಲೇ ತಯಾರಾದದ್ದು, ಅದರ ಡಿಎನ್‌ಎ ಚೂರುಗಳು ಬಾಟಲಿಯಲ್ಲೇ ಇರಬಹುದು. ಬೇರೆ ಬ್ಯಾಕ್ಟೀರಿಯಾ ಹುಡುಕುವವರಿಗೆ ಈ ತಲೆನೋವಿಲ್ಲ. ವರ್ಧಿಸಿದ ಟ್ಯೂಬನ್ನು ತಯಾರಿ ಮೇಜಿನ ಹತ್ತಿರ ತೆರೆಯಲೇಬೇಡಿ, ಕಣ್ಣಿಗೆ ಕಾಣದ ತುಂತುರು ಮುಂದಿನ ಸ್ಯಾಂಪಲ್‌ಗಳನ್ನೆಲ್ಲ ಪಾಸಿಟಿವ್ ಮಾಡುತ್ತದೆ.

ಹೊಸಬಾವಿ:
ಟಿಸಿಇಪಿ ಬಳಸಿದ್ದೆ, ಮರ್ಕ್ಯಾಪ್ಟೋಹೆಕ್ಸನಾಲ್ 15 ನಿಮಿಷ ಮಾತ್ರ. ಕ್ಲೋರಿನ್ ಹಾಕಿದ ನೀರಲ್ಲಿ ಸತ್ತ ಕೋಶಗಳೂ ಪಾಸಿಟಿವ್ ಕೊಡುವುದಿಲ್ಲವೇ?

ನೀಲಿ_ಎಲ್‌ಇಡಿ:
ಕೊಡುತ್ತವೆ. ಸೋಸಿದ ಕೋಶಗಳಿಗೆ, ಒಡೆಯುವ ಮುನ್ನವೇ, 50 ಮೈಕ್ರೋಮೋಲಾರ್ ಪ್ರೊಪಿಡಿಯಂ ಮೊನೋಅಜೈಡ್ ಎಂಬ ಬಣ್ಣ ಹಾಕಿ 5 ನಿಮಿಷ ಕತ್ತಲಲ್ಲಿ, 15 ನಿಮಿಷ ನೀಲಿ ಎಲ್‌ಇಡಿ ಕೆಳಗೆ ಇಡಿ. ಪೊರೆ ಹರಿದ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ವರ್ಧನೆ ತಡೆಯುತ್ತದೆ. ಕೆಸರು ನೀರಾದರೆ ಬೆಳಕು ಒಳಗೆ ಹೋಗದು. ಯುವಿ ಹಾಯ್ದ ನೀರಿಗೆ ಈ ಉಪಾಯ ನಡೆಯದು, ಯುವಿಯಲ್ಲಿ ಸತ್ತರೂ ಪೊರೆ ಹಾಗೇ ಇರುತ್ತದೆ. ಅಲ್ಲಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಫಲಿತಾಂಶವನ್ನೇ ನಂಬಿ.

ಸ್ಯಾಂಪಲ್ ತರುವ 120 ಮಿ.ಲೀ. ಬಾಟಲಿಗೆ ಮೊದಲೇ 3% ಸೋಡಿಯಂ ಥಯೋಸಲ್ಫೇಟ್ 0.1 ಮಿ.ಲೀ. ಹಾಕಿಡಿ, ಅದು ಕ್ಲೋರಿನ್ ಅನ್ನು ನಿಷ್ಕ್ರಿಯಗೊಳಿಸುತ್ತದೆ. ಲೀಟರಿಗೆ 5 ಮಿ.ಗ್ರಾಂ ಕ್ಲೋರಿನ್‌ವರೆಗೆ ಅಷ್ಟು ಸಾಕು. ಇಲ್ಲದಿದ್ದರೆ ಲ್ಯಾಬ್ ಮುಟ್ಟುವಷ್ಟರಲ್ಲಿ ಬದುಕಿದ್ದವೂ ಸಾಯುತ್ತವೆ.